ಕಾಳಿಲ್ಲದ ಕಲ್ಲು

"ಯೋಳವ್ವ, ಪರಲೋಕ ಮಂತ್ರ. ಅದೇನ್ ಅಷ್ಟ್ ಉದ್ದಾನಾ?" ಅಂದರು ಪಾದ್ರಿಗಳ ಪರವಾಗಿ ಜಪ ಕಲಿಸುವ ಉಪದೇಶಿ ಚೌರಪ್ಪ, ನಡುಮನೆಯ ಚಾಪೆಯ ಮೇಲೆ ಕಾಲು ಮಡಿಚಿ ಕೂತು.

ಚಲುವಮ್ಮ ಬಾಯಿ ತೆರೆದಳು. ಮೊದಲ ಸಾಲು ಬಂತು; ಎರಡನೆಯದಕ್ಕೆ ನಾಲಿಗೆ ತಡವರಿಸಿತು. ನಲವತ್ತರ ಹೆಂಗಸು, ಮಗ್ಗಿ ಮರೆತ ಮಗುವಿನಂತೆ ಸೆರಗಿನ ತುದಿ ಹೊಸೆಯುತ್ತ ನಿಂತಳು.

ಬಾಗಿಲಿಗೆ ಒರಗಿದ್ದ ಓರಗಿತ್ತಿ ಅಣ್ಣಮ್ಮನಿಗೆ ಎದೆಯೊಳಗೆ ತಣ್ಣೀರು ಹೊಯ್ದಷ್ಟು ಹಿತವಾಯಿತು.

ಸುಲ್ತಾನರ ಕೋಟೆ ಬಿದ್ದು ಐದು ತಿಂಗಳಾಗಿತ್ತು. ಗಂಜಾಮಿಗೆ ಮತ್ತೆ ಪಾದ್ರಿಗಳ ಕಡೆಯವರು ಬರತೊಡಗಿದ್ದರು. ಪುದುಚೇರಿಯಲ್ಲಿ ಕನ್ಯಾಸ್ತ್ರೀಯರ ಮಠವಿದೆ, ಮಕ್ಕಳಿಲ್ಲದ ವಿಧವೆಯನ್ನೂ ಸೇರಿಸಿಕೊಳ್ಳುತ್ತಾರೆ ಎಂದು ಚೌರಪ್ಪ ಹೇಳಿದ್ದೇ ತಡ, ಚಲುವಮ್ಮ ಹೋಗಿಯೇ ತೀರುತ್ತೇನೆಂದು ಹಟ ಹಿಡಿದಿದ್ದಳು. ಆದರೆ ಆ ಮಠದ ಕನಸು ಮೊದಲು ಕಂಡವಳು ಅಣ್ಣಮ್ಮ. ಹನ್ನೆರಡನೆಯ ವಯಸ್ಸಿನಲ್ಲಿ ತನ್ನನ್ನು ಕಳಿಸೆಂದು ಅಪ್ಪನನ್ನು ಕೇಳಿದ್ದಳು. ಅಪ್ಪ ವರನನ್ನು ಕರೆತಂದಿದ್ದ. ಆರು ಹೆತ್ತಳು. ಶಿಲುಬೆ ಗುರುತು ಹಾಕಲೂ ಬಾರದೆ ಸೊಸೆಯಾಗಿ ಬಂದ ಈ ಚಲುವಿಯ ಕೈ ಹಿಡಿದು, ಹಣೆಗೆ ಎದೆಗೆ ಮುಟ್ಟಿಸಿ ಕಲಿಸಿದಳು. ಈಗ ಹೋಗುವವಳು ಇವಳು, ಹಿಟ್ಟು ಬೀಸುತ್ತ ಕೂರುವವಳು ತಾನು!

"ಜಪ ಬಾರ್ದೋಳ್ನ ಎಂಗವ್ವ ಕಳ್ಸಾದು? ಅಣ್ಣಮ್ಮ, ಮನೇಗ್ ದೊಡ್ಡೋಳು ನೀನು. ನೀನೇ ಯೋಳು, ಇವ್ಳಿಗ್ ಬತ್ತದಾ, ಇಲ್ವಾ?"

ಇಲ್ಲ ಅಂದರೆ ಮುಗಿಯಿತು. ನಾಳೆ ಪುದುಚೇರಿಯ ಬಂಡಿ ಅವಳಿಲ್ಲದೆ ಹೊರಡುತ್ತದೆ. ಮಾತು ತುಟಿಗೇ ಬಂದಿತ್ತು.

"ಅದ್ಯಾರ್ ಕಲ್ಸಿದ್ರೋ," ಚೌರಪ್ಪ ನಕ್ಕರು, "ಅರ್ಧಂಬರ್ಧ ಕಲ್ಸವ್ರೆ."

ಅಣ್ಣಮ್ಮನ ಮುಖ ಬಿಸಿಯಾಯಿತು. "ನಾನ್ ಕಲ್ಸಿದ್ದು. ಅರ್ಧ ಅಲ್ಲ ಕಣ್ ಸ್ವಾಮಿ. ಏಯ್ ಚಲುವಿ, ಬಾ ಇಲ್ಲಿ. ಕೂತ್ಕೊ."

ಮೂಲೆಯ ರಾಗಿಕಲ್ಲಿನ ಒಂದು ಬದಿಗೆ ತಾನು ಕೂತಳು, ಎದುರಿಗೆ ಅವಳು. ಸುಲ್ತಾನರ ಕಾಲದಲ್ಲಿ ಕ್ರೈಸ್ತರ ಗುಡಿ ಬಿದ್ದುಹೋಗಿ, ಜಪ ಹೊರಗೆ ಕೇಳಿಸಿದರೆ ಏನಾದೀತೋ ಎಂದು ಅಂಜಿ ಬದುಕಿದ ವರ್ಷಗಳಲ್ಲಿ ಇಬ್ಬರೂ ಅದನ್ನು ರಾಗಿ ಬೀಸುವ ಪದದ ಧಾಟಿಗೆ ಹೊಂದಿಸಿಕೊಂಡಿದ್ದರು. "ಎಷ್ಟ್ ಚೆಂದ ಪದ ಯೋಳ್ತೀರವ್ವ, ಮಾಷಲ್ಲಾ," ಎಂದು ಪಕ್ಕದ ಮನೆಯ ಖತೀಜಾ ಬೀ ಎಷ್ಟೋ ಸಲ ಮೆಚ್ಚಿದ್ದಳು.

ಅಣ್ಣಮ್ಮ ಗೂಟ ಹಿಡಿದು ಎಳೆದಳು. ಅವಳ ಕೈಯ ಮೇಲೆ ಚಲುವಮ್ಮನ ಕೈ ಬಂತು. ಕಲ್ಲು ಒಂದು ಸುತ್ತು ತಿರುಗುವಷ್ಟರಲ್ಲಿ ಮಂತ್ರ ಹೊರಟಿತು, ಎಲ್ಲೂ ಎಡವದೆ, ಆಮೆನ್‌ವರೆಗೆ. ಅಣ್ಣಮ್ಮನೂ ಹೇಳಿದಳು, ಒಂದು ಪದ ಮುಂದಾಗಿ, ಒಂದಿಷ್ಟು ಜೋರಾಗಿ, ಉಪದೇಶಿಯ ಮುಖವನ್ನೇ ನೋಡುತ್ತ.

ಚೌರಪ್ಪ ನೋಡುತ್ತಿದ್ದುದು ಚಲುವಮ್ಮನನ್ನು. "ಸಾಕ್ ಬುಡವ್ವ. ಒತ್ತಾರೆ ಬಂಡಿ. ಗಂಟು ಕಟ್ಕೊ."

"ಅಕ್ಕಾ, ನೀನಿಲ್ದಿದ್ರೆ..." ಚಲುವಮ್ಮ ಅವಳ ಕೈಯನ್ನು ಬಿಗಿಯಾಗಿ ಹಿಡಿದಳು.

"ಓಗ್, ಓಗು. ಮಠದಲ್ಲಿ ಯಾರೂ ಕಲ್ಲ್ ಎಳ್ಕೊಡಾಕಿಲ್ಲ, ಗ್ಯಾಪ್ಕ ಇರ್ಲಿ."

ಅವಳು ಎದ್ದು ಹೋದಳು. ಅಣ್ಣಮ್ಮ ಗೂಟದಿಂದ ಕೈ ತೆಗೆಯಲಿಲ್ಲ. ಒಂದು ಹಿಡಿ ರಾಗಿಯನ್ನೂ ಹಾಕಿರಲಿಲ್ಲ. ಕಲ್ಲು ಕಲ್ಲನ್ನೇ ತಿಕ್ಕುತ್ತ ತಿರುಗಿತು. ಅಂಚಿನಿಂದ ಬೂದು ಬಣ್ಣದ ಪುಡಿ ಸಣ್ಣಗೆ ಉದುರತೊಡಗಿತು.