ಶಿಕಾರಾಗೆ ನಿಂಬೆಹಣ್ಣು

ಜನ್ನಾಪುರದ ಮೂರ್ತಪ್ಪನವರು ಕಾರ್ಖಾನೆಯಲ್ಲಿ ವೆಲ್ಡಿಂಗ್ ಮಾಡಿ ನಿವೃತ್ತರಾದವರು. ಮದುವೆಯಾದ ಹೊಸದರಲ್ಲಿ ಹೆಂಡತಿ ಸಣ್ಣಮ್ಮನಿಗೆ, ಕಾಶ್ಮೀರಕ್ಕೆ ಕರೆದೊಯ್ದು ಅಲ್ಲಿನ ಶಿಕಾರಾ ದೋಣಿಯಲ್ಲಿ ಕೂರಿಸುತ್ತೇನೆ ಎಂದು ಮಾತು ಕೊಟ್ಟಿದ್ದರು. ಈಗ ನೋಡಿದರೆ, ಆಕೆಯ ಎದೆಗೆ ಚಳಿ ಆಗದು, ಕಾಶ್ಮೀರದ ಮಾತೇ ಬೇಡ ಎಂದುಬಿಟ್ಟರು ಡಾಕ್ಟರು. ಕೊಟ್ಟ ಮಾತು ಮೂರ್ತಪ್ಪನವರಿಗೆ ಒಳಗೊಳಗೇ ಚುಚ್ಚುತ್ತಿತ್ತು.

ಕೊನೆಗೆ ಅಂಗಳದಲ್ಲೇ ದೋಣಿ ಕಟ್ಟಿದರು. ಮರಗೆಲಸ ಅವರಿಗೆ ಒಗ್ಗದು. ಪೂರ್ತಿ ಕಬ್ಬಿಣದ ತಗಡು. ಶಿವಮೊಗ್ಗದ ಗಾಂಧಿ ಬಜಾರಿನಿಂದ ಪಕ್ಕಪಕ್ಕ ಕೂರಲೆಂದು ಎರಡು ಕೆಂಪು ದಿಂಬು, ಜರಿಯ ಪರದೆ ಬಂದವು. ದೋಣಿಯ ಮೂತಿಯ ಮೇಲೆ ದಪ್ಪಕ್ಷರದಲ್ಲಿ ‘ಶಿಕಾರಾ’ ಎಂದು ಬರೆಸಿದರು. ಪಾರಸಿಯಿಂದ ಕಾಶ್ಮೀರಕ್ಕೆ ಬಂದ ಆ ಪದ ಟ್ರ್ಯಾಕ್ಟರ್ ಹತ್ತಿ ಭದ್ರಾ ಹೊಳೆಗೆ ಹೊರಟಿತು.

ಹೊಳೆದಂಡೆಯಲ್ಲಿ ಸಣ್ಣಮ್ಮ ಚೀಲದಿಂದ ಎರಡು ನಿಂಬೆಹಣ್ಣು ತೆಗೆದರು.

“ಹೊಸ ಗಾಡೀನ ನಿಂಬೆಹಣ್ಣಿನ ಮೇಲೆ ಹತ್ತಿಸ್ದೆ ಹೊರಡ್ಸೋದುಂಟಾ? ಪಚಕ್ ಅನ್ನೋವರೆಗೂ ನಾನು ಕಾಲಿಡಲ್ಲ.”

“ಇದಕ್ಕೆ ಚಕ್ರ ಎಲ್ಲಿದೆ ಮಾರಾಯ್ತಿ?”

“ಅದನ್ನ ಕಟ್ಟೋವಾಗ ಯೋಚ್ನೆ ಮಾಡ್ಬೇಕಿತ್ತು.”

ದೋಣಿಯನ್ನು ನೀರಿಗಿಳಿಸಿ ಅದರ ಮುಂದೆ ಹಾಕಿದರೆ ಹಣ್ಣು ತೇಲಿ ಪಕ್ಕಕ್ಕೆ ಸರಿದವು. ನೆರೆಮನೆಯ ಕರಿಯಪ್ಪ ಅವಕ್ಕೆ ಕಬ್ಬಿಣದ ನಟ್ಟು ಕಟ್ಟಿ ಮುಳುಗಿಸಿದ. ದೋಣಿ ಮೇಲೆ ಹಾದುಹೋಯಿತು, ಹಣ್ಣಿಗೆ ಏನೂ ಆಗಲಿಲ್ಲ. ಸೇರಿದ ಜನರಲ್ಲಿ ಸಲಹೆಗೇನು ಬರ! ದೋಣಿಯನ್ನು ದಡಕ್ಕೆಳೆದು, ಹೊಳೆಯ ಕಡೆಗೆ ಇಳಿಜಾರಾದ ಬಟ್ಟೆ ಒಗೆಯುವ ಬಂಡೆಯ ನೆತ್ತಿಯ ಮೇಲೆ ಹಣ್ಣಿಟ್ಟು, ಎಲ್ಲರೂ ತಳ್ಳಿದರು. ಮೂತಿ ಬಂಡೆಯೇರಿ ಆಕಾಶ ನೋಡುತ್ತ ನಿಂತಿತು. ಹಣ್ಣು ಅದರಡಿ ಆರಾಮವಾಗಿದ್ದವು.

“ಮುಂದ್ಗಡೆ ಭಾರ ಸಾಲ್ದು ಕಣಕ್ಕ,” ಎಂದ ಕರಿಯಪ್ಪ.

ಸಣ್ಣಮ್ಮನಿಗೆ ರೇಗಿಹೋಯಿತು. “ಒಂದು ನಿಂಬೆಹಣ್ಣು ಒಡೆಯೋಕೆ ಇಷ್ಟು ಜನರ ಕೈಲಿ ಆಗಲ್ವಾ?” ಎಂದು ಸೆರಗು ಸಿಕ್ಕಿಸಿ, ತಾವೇ ಹತ್ತಿ ಮುಂದಕ್ಕೆ ಹೋಗಿ ಕುಳಿತರು.

ಪಚಕ್! ಮೂತಿ ಬಾಗಿದ್ದೇ ತಡ, ದೋಣಿ ಬಂಡೆಯಿಂದ ಜಾರಿ ಹೊಳೆಯೊಳಕ್ಕೆ ನುಗ್ಗಿತು. ಹುಟ್ಟು ಹಿಡಿದ ಮೂರ್ತಪ್ಪನವರು ದಡದಲ್ಲೇ ಉಳಿದರು.

ಗಾಬರಿಯಲ್ಲಿ ಅವರು, ಬೇಸಿಗೆಯ ಹೊಳೆ ಅಲ್ಲಿ ಎದೆಮಟ್ಟ ಎಂಬುದೂ ನೆನಪಾಗದೆ, ಹುಟ್ಟು ಬಿಸಾಕಿ, ಪಂಚೆ ಸಮೇತ ನೀರಿಗಿಳಿದು, ಏದುಸಿರು ಬಿಡುತ್ತ ದೋಣಿಯ ಅಂಚು ಹಿಡಿದರು. ಒಳಗೆ ಸಣ್ಣಮ್ಮ ದಿಂಬಿಗೊರಗಿ, ಕಾಲು ಚಾಚಿ, ಬಿದ್ದು ಬಿದ್ದು ನಗುತ್ತಿದ್ದರು. ಆಕೆ ಹೀಗೆ ನಕ್ಕಿದ್ದನ್ನು ಮೂರ್ತಪ್ಪನವರು ಎಂದೂ ಕಂಡಿರಲಿಲ್ಲ.

“ನಾನೂ ಹತ್ತಲಾ?”

“ಒದ್ದೆ ಪಂಚೇಲಾ? ಹೊಸ ದಿಂಬು ರೀ! ಹಾಗೇ ತಳ್ಕೊಂಡು ನಡೀರಿ, ಆ ತಿರುವಿನವರೆಗೂ ಹೋಗಿ ಬರೋಣ.”

ಮೂರ್ತಪ್ಪನವರು ತಳ್ಳಿದರು. ಸಂತೋಷಕ್ಕೆ ಕಣ್ಣು ತುಂಬಿ ದಾರಿಯೇ ಕಾಣಲಿಲ್ಲ. ಪರದೆಯೊಳಗಿಂದ ಸಣ್ಣಮ್ಮ, “ಎಡಕ್ಕೆ ರೀ, ಎಡಕ್ಕೆ,” ಎನ್ನುತ್ತಿದ್ದರು.