ಸೋಮವಾರ ಬಂದ ಹೆಸರು

2003ರಲ್ಲಿ ನಾವು ತರಿಸುತ್ತಿದ್ದ ಪತ್ರಿಕೆ ವಾರಕ್ಕೊಂದು ಪ್ರಶ್ನೆ ಕೇಳಿ, ಸರಿಯುತ್ತರದ ಕಾರ್ಡುಗಳಲ್ಲಿ ಒಂದನ್ನು ಎತ್ತಿ, ಸೋಮವಾರ ಆ ಹೆಸರು ಹಾಕುತ್ತಿತ್ತು. ಬಸವೇಶ್ವರನಗರದ ನಮ್ಮ ಮಹಡಿಗೆ ಬಾಡಿಗೆಗೆ ಬಂದ ಗುರುದೇವಿಯ ಹೆಸರು ಆರು ತಿಂಗಳಲ್ಲಿ ನಾಲ್ಕು ಸಲ ಬಂತು. ಅದೂ ನನ್ನ ಪೇಪರನ್ನೇ ಇಸಕೊಂಡು ಓದಿ! ಮೂರು ವರ್ಷದಿಂದ ಕಾರ್ಡು ಹಾಕುತ್ತಿದ್ದ ನನ್ನ ಹೆಸರು ಒಮ್ಮೆಯೂ ಬಂದಿರಲಿಲ್ಲ. ಮೈಯೆಲ್ಲ ಉರಿಯುತ್ತಿತ್ತು.

ಒಂದು ದಿನ ಅವಳು ಪೇಪರ್ ಹಿಡಿದು ಕೆಳಗಿಳಿದು ಬಂದಳು.

"ಅಕ್ಕಾರ, ಈ ವಾರದ ಪ್ರಶ್ನೆ ನೋಡ್ರಿ, ಅಂತಾರಾಷ್ಟ್ರೀಯ ನ್ಯಾಯಾಲಯ ಯಾವ ಊರಾಗ ಐತ್ರಿ?"

ಹೇಗ್ ನಗರದಲ್ಲಿ ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

"ಜಿನೀವಾ ಕಣೇ, ಅಷ್ಟೂ ಗೊತ್ತಿಲ್ವಾ?" ಎಂದೆ.

ಅವಳು ಮೇಲೆ ಹೋದ ಮೇಲೆ, ಕಾರ್ಡಿನಲ್ಲಿ ಹೇಗ್ ಎಂದು ಬರೆದು ಅಂಚೆ ಡಬ್ಬಕ್ಕೆ ಹಾಕಿ ಬಂದೆ.

ಮುಂದಿನ ಸೋಮವಾರ ಪತ್ರಿಕೆಯಲ್ಲಿ ನನ್ನ ಹೆಸರಿತ್ತು: ವೆಂಕಟಲಕ್ಷ್ಮಮ್ಮ, ಬಸವೇಶ್ವರನಗರ. ಬೀದಿಗೆಲ್ಲ ತೋರಿಸಿ ಬಂದೆ.

ಗುರುದೇವಿ ನನಗಿಂತ ಹೆಚ್ಚು ಖುಷಿಯಿಂದ ಸಕ್ಕರೆ ಹಿಡಿದು ಬಂದಳು.

"ನನಗ ಗೊತ್ತಿತ್ರಿ, ಖಾತ್ರಿ ಮಾಡ್ಕೊಳ್ಳಾಕ ಕೇಳಿದ್ನಿ. ನೀವು ಜಿನೀವಾ ಅಂದಾಗ ಅಯ್ಯ ಪಾಪ ಅನಿಸ್ತ್ರಿ. ಅದಕ್ಕ ನನ್ನ ಕಾರ್ಡ್ ಬಿಟ್ಟು, ನಿಮ್ಮ ಹೆಸರಿನ್ಯಾಗ ನಾನ ಹೇಗ್ ಅಂತ ಬರದು ಹಾಕಿದ್ನಿ."

ನನಗೂ ಗೊತ್ತಿತ್ತು ಎನ್ನಲು ಬಾಯಿ ತೆರೆದೆ. ಅವಳು ಅದಕ್ಕೆ ಸಕ್ಕರೆ ಹಾಕಿದಳು.