ಕೆಂಪು ಬಾಣ

ಮೊದಲನೆಯ ಬಾಣ ಅವಳ ಕಣ್ಣಿಗೆ ಬಿದ್ದದ್ದು ಬಚ್ಚಲಿನ ನಲ್ಲಿಯ ಮೇಲೆ. ಉಗುರಿನಷ್ಟು ಅಗಲದ ಕೆಂಪು ಸ್ಟಿಕ್ಕರು. ಅದರ ಮೊನೆ ನೀರು ತೊಟ್ಟಿಕ್ಕುವ ಜಾಗವನ್ನು ತೋರಿಸುತ್ತಿತ್ತು.

ಅವಳ ಗಂಡ ಹದಿನಾಲ್ಕು ವರ್ಷ ಬಟ್ಟೆ ಕಾರ್ಖಾನೆಯಲ್ಲಿ ಚೆಕ್ಕರ್ ಆಗಿದ್ದ. ಹೊಲಿದು ಬಂದ ಶರಟುಗಳನ್ನು ಟ್ಯೂಬ್‌ಲೈಟಿನ ಕೆಳಗೆ ಹರಡಿ, ತಪ್ಪಿದ್ದ ಕಡೆ ಇಂಥದೇ ಬಾಣ ಅಂಟಿಸುವುದು ಅವನ ಕೆಲಸ. ಬಾಣ ಬಿದ್ದದ್ದು ರಿಪೇರಿಗೆ ಹೋಗುತ್ತಿತ್ತು. ರಿಪೇರಿಗೂ ಬಾರದ್ದೆಂದು ರಿಜೆಕ್ಟ್ ಪೆಟ್ಟಿಗೆಗೆ ಹಾಕಬೇಕಾದರೆ ಮಾತ್ರ ಇನ್ನೊಬ್ಬ ಚೆಕ್ಕರ್ ನೋಡಿ ಸಹಿ ಮಾಡಲೇಬೇಕು. "ಒಬ್ಬನ ಕಣ್ಣು ದಣಿದಿರುತ್ತೆ ಕಣೇ" ಎಂದು ಆ ನಿಯಮವನ್ನು ಅವನು ಮನೆಯಲ್ಲಿ ಎಷ್ಟೋ ಸಲ ಹೊಗಳಿದ್ದ. ಆರ್ಡರುಗಳು ನಿಂತವು, ಮೂರು ಹೊಲಿಗೆ ಲೈನು ಮುಚ್ಚಿದರು, ಅವನನ್ನೂ ಮನೆಗೆ ಕಳಿಸಿದರು. ಜೇಬಿನಲ್ಲಿದ್ದ ಸ್ಟಿಕ್ಕರ್ ಹಾಳೆಗಳು ಜೊತೆಗೇ ಬಂದವು.

ಎರಡು ತಿಂಗಳಲ್ಲಿ ಮನೆ ತುಂಬ ಬಾಣ. ಕಿರುಗುಟ್ಟುವ ಬಾಗಿಲಿಗೆ, ಅಂಚು ಒಡೆದ ಬಟ್ಟಲಿಗೆ, ಗೋಡೆಯ ಬಿರುಕಿಗೆ. ಮೊದಮೊದಲು ರಿಪೇರಿಯನ್ನೂ ಅವನೇ ಮಾಡುತ್ತಿದ್ದ. ಅತ್ತೆಗೆ ಅದೊಂದು ತಮಾಷೆ.

"ನನ್ನ ಮಂಡಿಗೂ ಒಂದು ಅಂಟಿಸಪ್ಪಾ. ಎಪ್ಪತ್ತು ವರ್ಷದ ಮಾಲು, ಇನ್ನೂ ಯಾರೂ ಚೆಕ್ ಮಾಡಿಲ್ಲ."

"ನೀನು ಹಳೇ ಸ್ಟಾಕು ಕಣಮ್ಮ. ನಿಂಗೆ ಒಂದು ಬಾಣ ಎಲ್ಲಿ ಸಾಲುತ್ತೆ?"

ಅವತ್ತು ಮೂವರೂ ನಕ್ಕಿದ್ದರು. ಅವನು ನಕ್ಕದ್ದು ಅದೇ ಕೊನೆ ಎಂದು ಅವಳಿಗೆ ಆಮೇಲೆ ಹೊಳೆಯಿತು.

ಬಾಣ ಬೀಳುತ್ತಲೇ ಇತ್ತು, ರಿಪೇರಿ ನಿಂತಿತು. ಊಟಕ್ಕೆ ಕೂತವನು ಅರ್ಧಕ್ಕೇ ಎದ್ದುಹೋಗುತ್ತಿದ್ದ. ಹಳೆಯ ಜೊತೆಗಾರರ ಫೋನು ಬಂದರೆ ಮೊಬೈಲನ್ನು ಬೋರಲು ಹಾಕುತ್ತಿದ್ದ. ಅವನು ಬಚ್ಚಲಿಗೆ ಹೋಗಿ ತುಸು ತಡವಾದರೂ ಅವಳು ಏನೋ ನೆಪ ಹೇಳಿ ಬಾಗಿಲು ತಟ್ಟುತ್ತಿದ್ದಳು. ಡಾಕ್ಟರ ಹತ್ತಿರ ಹೋಗೋಣ ಎಂದದ್ದಕ್ಕೆ, "ಕೆಲಸ ಇಲ್ಲ, ಅಷ್ಟೇ. ಡಾಕ್ಟರು ಕೆಲಸ ಕೊಡ್ತಾರಾ?" ಎಂದು ಕಡ್ಡಿ ಮುರಿದಂತೆ ಹೇಳಿದ್ದ.

ಒಂದು ಬೆಳಿಗ್ಗೆ ಒಗೆಯಲು ಹಾಕುವಾಗ ಅವನ ಬನಿಯನ್ನಿನ ಎದೆಯ ಮೇಲೆ ಬಾಣ ಕಂಡಿತು. ಎಲ್ಲಿಂದಲೋ ಅಂಟಿಕೊಂಡಿರಬೇಕೆಂದು ಕಿತ್ತು ಎಸೆದಳು. ಮರುದಿನದ ಬನಿಯನ್ನಿನಲ್ಲೂ ಇತ್ತು, ಅದೇ ಜಾಗದಲ್ಲಿ. ಬನಿಯನ್ನನ್ನು ಬೆಳಕಿಗೆ ಹಿಡಿದು, ಒಳಹೊರಗು ಮಾಡಿ ನೋಡಿದಳು. ತೂತಿಲ್ಲ, ಹೊಲಿಗೆ ಬಿಟ್ಟಿಲ್ಲ.

ಅವನು ಕಿಟಕಿಯ ಪಕ್ಕ ಕೂತಿದ್ದ. ಅವಳು ಅದನ್ನು ಅವನ ತೊಡೆಯ ಮೇಲಿಟ್ಟಳು.

"ರೀ, ಬಟ್ಟೆ ಸರಿಯಾಗೇ ಇದೆಯಲ್ಲ. ಬಾಣ ಯಾಕೆ?"

ಅವನು ಹೇಳಿದ: "ಅದು ಬಟ್ಟೆಗಲ್ಲ."

"ಸಾಯೋ ಯೋಚನೆ ಬರುತ್ತಾ?"

"ಒಂದೊಂದ್ಸಲ." ಅವನು ಬಾಣದ ಮೇಲೆ ಬೆರಳಾಡಿಸಿದ. "ಇದು ರಿಪೇರಿಗೆ ಬರೋ ಪೀಸಲ್ಲ ಕಣೇ. ರಿಜೆಕ್ಟು."

ಅವಳು ಅವನೆದುರು ಕೂತಳು.

"ಅದನ್ನ ನೀವೊಬ್ರೇ ಹೇಳೋ ಹಾಗಿಲ್ಲ. ಇನ್ನೊಬ್ರು ನೋಡ್ಬೇಕು. ಹದಿನಾಲ್ಕು ವರ್ಷ ಇದನ್ನೇ ಹೇಳಿ ನನ್ನ ತಲೆ ತಿಂದಿದ್ದೀರಿ."

"ಇನ್ನೊಬ್ರು ಯಾರು, ನೀನಾ?"

"ನಾನು ಕಣ್ಣು ಮುಚ್ಕೊಂಡು ಪಾಸ್ ಮಾಡ್ತೀನಿ, ನನ್ನ ಸಹಿ ನಡೆಯಲ್ಲ. ಡಾಕ್ಟರು ನೋಡ್ಲಿ. ನಿಮ್ಮ ಕಣ್ಣು ದಣಿದಿದೆ, ಅಷ್ಟೇ."

ಒಳಕೋಣೆಯಿಂದ ಅತ್ತೆಯ ದನಿ ಬಂತು; ಎಲ್ಲ ಕೇಳಿಸಿಕೊಂಡಿದ್ದರೆಂದು ಅದರ ಒದ್ದೆತನದಿಂದಲೇ ಗೊತ್ತಾಯಿತು.

"ಹೋಗೋದಾದ್ರೆ ಆ ಗಡ್ಡ ತೆಗೆದು ಹೋಗೋ. ಮಾಲು ನೋಡೋಕಾದ್ರೂ ಚೆನ್ನಾಗಿರ್ಲಿ."

ಅವನು ಗಡ್ಡ ತೆಗೆಯಲಿಲ್ಲ. ಚಪ್ಪಲಿ ಮಾತ್ರ ಹಾಕಿಕೊಂಡ.

ಆಸ್ಪತ್ರೆಯಲ್ಲಿ ಎರಡು ಗಂಟೆ ಕಾದರು. ಒಳಗೆ ಹೋದಾಗ ಅವನು ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತ. ಅವಳು ಚೀಲದಿಂದ ಬನಿಯನ್ನನ್ನು ತೆಗೆದು ಮೇಜಿನ ಮೇಲಿಟ್ಟಳು. ಡಾಕ್ಟರಮ್ಮ ಬಾಣವನ್ನು ನೋಡಿ, ಅವನ ಕಡೆ ತಿರುಗಿ, "ಇದೇನು ಅಂತ ನನಗೆ ಗೊತ್ತಿಲ್ಲ. ನೀವೇ ಹೇಳ್ಬೇಕು" ಎಂದರು.

ಅವನು ಕುರ್ಚಿಯನ್ನು ಮುಂದಕ್ಕೆಳೆದುಕೊಂಡ. "ನಾನು ಚೆಕ್ಕರು ಮೇಡಂ" ಎಂದು ಶುರುಮಾಡಿದ.